ಕಾರ್ಡಿನ ಮೇಲಿನ ಎರಡನೆಯ ಗೆರೆ

1999ರ ಜುಲೈನಲ್ಲಿ ನಾನು ಸಕಲೇಶಪುರದ ಸಣ್ಣ ಖಾಸಗಿ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ಮಗಳಿಗೆ ಆಗ ಎರಡು ವರ್ಷ.

ಒಂದು ಬೆಳಿಗ್ಗೆ ಹೆತ್ತೂರು ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ರುದ್ರೇಶ್ ಬಂದರು. ಕಣ್ಣಿನ ಬಿಳಿಭಾಗವೆಲ್ಲ ಹಳದಿಯಾಗಿತ್ತು. ಅವರ ರಕ್ತ ತೆಗೆದು ಸೂಜಿಗೆ ಮುಚ್ಚಳ ಹಾಕುವಾಗ ಅದು ಗ್ಲೌಸ್ ತೂರಿ ನನ್ನ ಹೆಬ್ಬೆರಳಿಗೆ ಚುಚ್ಚಿತು. ಸೋಪು ಹಾಕಿ ತೊಳೆದು, ಯಾರಿಗೂ ಹೇಳದೆ ಅವರ ರಕ್ತದ ಪರೀಕ್ಷೆಗೆ ಕೂತೆ.

ಹೆಪಟೈಟಿಸ್ ಬಿ ವೈರಾಣುವಿನ ಹೊರಕವಚದ ಪ್ರೋಟೀನ್ ರಕ್ತದಲ್ಲಿದ್ದರೆ ಪರೀಕ್ಷಾ ಕಾರ್ಡಿನ ಮೇಲೆ ಎರಡು ಗೆರೆ ಮೂಡುತ್ತವೆ, ಇಲ್ಲದಿದ್ದರೆ ಒಂದೇ. ಹದಿನೈದು ನಿಮಿಷ ಕಾಯಬೇಕು. ಐದನೆಯ ನಿಮಿಷಕ್ಕೇ ಎರಡನೆಯದು ಕಾಣಿಸಿತು. ಇನ್ನೊಂದು ಕಾರ್ಡ್ ತೆಗೆದೆ. ಅದರಲ್ಲೂ ಅದೇ.

ಡಾಕ್ಟರ ಮುಂದೆ ಕಾರ್ಡ್ ಇಟ್ಟು, ಸೂಜಿ ಚುಚ್ಚಿದ ಬೆರಳು ತೋರಿಸಿದೆ.

"ಲಸಿಕೆ ಆಗಿದೆಯೇನಮ್ಮ?"

ಆಗಿರಲಿಲ್ಲ. ಮುಂದೂಡುತ್ತಲೇ ಬಂದಿದ್ದೆ. ಅಂದೇ ಹಾಸನಕ್ಕೆ ಕಳಿಸಿ, ಸಿದ್ಧ ಪ್ರತಿಕಾಯಗಳಿರುವ ಇಮ್ಯುನೊಗ್ಲೋಬ್ಯುಲಿನ್ ಇಂಜೆಕ್ಷನ್ ಮತ್ತು ಲಸಿಕೆಯ ಮೊದಲ ಡೋಸ್ ಕೊಡಿಸಿದರು. ಸೋಂಕು ತಗಲಿಲ್ಲವೆಂದು ಖಚಿತವಾಗಲು ಆರು ತಿಂಗಳು ಕಾಯಬೇಕಿತ್ತು.

ದಿನಾ ಎದ್ದ ಕೂಡಲೇ ಕನ್ನಡಿಯಲ್ಲಿ ಕಣ್ಣು ನೋಡಿಕೊಳ್ಳುತ್ತಿದ್ದೆ. ಮಗಳನ್ನು ನನ್ನ ಅಮ್ಮನ ಪಕ್ಕ ಮಲಗಿಸತೊಡಗಿದೆ.

ಮೂರು ವಾರಕ್ಕೆ ರುದ್ರೇಶ್ ಮತ್ತೆ ಬಂದರು. ಹಿಂದೆ ಜ್ವರ ಬಂದಾಗ ಊರಿನಲ್ಲಿ ಒಬ್ಬನಿಂದ ಇಂಜೆಕ್ಷನ್ ಹಾಕಿಸಿಕೊಂಡಿದ್ದರಂತೆ. ಅವನು ಒಂದೇ ಸೂಜಿಯನ್ನು ಎಲ್ಲರಿಗೂ ಬಳಸುತ್ತಿದ್ದನಂತೆ. ಇಷ್ಟು ಹೇಳಿ ದನಿ ತಗ್ಗಿಸಿದರು.

"ಮನೇಲಿ ನಂಗೆ ತಟ್ಟೆ, ಲೋಟ ಬ್ಯಾರೆ ಮಡಗವ್ರೆ ಮೇಡಂ. ಮಗ ಎತ್ಕೋ ಅಂತ ಕೈ ಚಾಚ್ತಾನೆ. ಎತ್ಕಂಡ್ರೆ ಅವನಿಗೂ ಅಂಟ್ಕಬುಡ್ತದಾ?"

ಮುಟ್ಟಿದರೆ, ಜೊತೆಗೆ ಉಂಡರೆ ಬರುವುದಿಲ್ಲ ಎಂದೆ. ರಕ್ತದಿಂದ, ಸೂಜಿ-ಬ್ಲೇಡಿನಿಂದ, ಗಂಡ-ಹೆಂಡಿರ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಹರಡುತ್ತದೆ. ಹೆಂಡತಿಗೂ ಮಗನಿಗೂ ಪರೀಕ್ಷೆ ಮಾಡಿಸಿ ಲಸಿಕೆ ಹಾಕಿಸಿ ಎಂದೆ. ನಾನು ನನ್ನ ಮಗಳನ್ನು ಎತ್ತಿಕೊಂಡು ಹತ್ತೊಂಬತ್ತು ದಿನವಾಗಿತ್ತು. ಆ ಸಂಜೆ ಎತ್ತಿಕೊಂಡೆ.

ಜನವರಿಯಲ್ಲಿ ನನ್ನ ವರದಿ ನೆಗೆಟಿವ್ ಬಂತು. ರುದ್ರೇಶರ ಹೆಂಡತಿ, ಮಗನಿಗೂ ಸೋಂಕಿರಲಿಲ್ಲ. ರುದ್ರೇಶರದು ಮಾತ್ರ ಪಾಸಿಟಿವ್ ಆಗಿಯೇ ಉಳಿಯಿತು. ಕಾಮಾಲೆ ಇಳಿದಿದ್ದರೂ ವೈರಾಣು ಹೋಗಿರಲಿಲ್ಲ. ಅಲ್ಲಿಯವರೆಗೆ ನಾನು ವರದಿಗಳನ್ನು ಕಿಟಕಿಯಿಂದ ಚಾಚಿ, ಮುಂದಿನವರ ಹೆಸರು ಕೂಗುತ್ತಿದ್ದವಳು. ಅಂದು ಅವರ ವರದಿ ಹಿಡಿದು ಹೊರಗೆ ಬಂದು, ಬೆಂಚಿನ ಮೇಲೆ ಅವರ ಪಕ್ಕ ಕೂತು ಎಲ್ಲವನ್ನೂ ಬಿಡಿಸಿ ಹೇಳಿದೆ. ಕಾಯಿಲೆ ಹೇಗೆ ಹರಡುತ್ತದೆಂದು ಓದಿಕೊಂಡ ನಾನೇ ಹೆದರಿ ಮಗುವನ್ನು ದೂರವಿಟ್ಟಿದ್ದೆ. ಏನೂ ತಿಳಿಯದವರ ಕೈಗೆ ಬರೀ ಕಾಗದ ಕೊಟ್ಟು ಕಳಿಸಬಾರದೆಂಬುದನ್ನು ಆ ಆರು ತಿಂಗಳು ನನಗೆ ಕಲಿಸಿದವು.