ಮುಚ್ಚಿದ ಗುಂಪಿನ ಸದಸ್ಯೆ

ನನಗೆ ಮೂರ್ಛೆರೋಗವಿದೆ ಎಂಬುದನ್ನು ಅಮ್ಮ ನೆಂಟರಿಂದಲೂ ಮುಚ್ಚಿಟ್ಟಿದ್ದಳು. ಮೈಸೂರು ಬಿಟ್ಟು ನವಿ ಮುಂಬೈಯ ನೆರೂಳಕ್ಕೆ ಬಂದಾಗ ಅವಳಿಗೆ ಆದಷ್ಟು ಸಮಾಧಾನ ಮತ್ತಾರಿಗೂ ಆಗಲಿಲ್ಲ. "ಇಲ್ಲಿ ನಮ್ಮ ಗುರುತು ಯಾರಿಗೂ ಇಲ್ಲ, ಅದೇ ಪುಣ್ಯ ಕಣೆ" ಎನ್ನುತ್ತಿದ್ದಳು.

ಮುಂದೆ ನಾನು ಬೇಲಾಪುರದ ಒಂದು ಹಣಕಾಸು ಕಂಪನಿಯಲ್ಲಿ ಕೆಲಸಕ್ಕೆ ಸೇರಿದೆ. ಆಫೀಸಿನವರೆಲ್ಲ ಆ ದೊಡ್ಡ ಜಾಲತಾಣದಲ್ಲಿ ಖಾತೆ ತೆರೆಯುತ್ತಿದ್ದ ಕಾಲ, ನಾನೂ ತೆರೆದೆ. ಅಲ್ಲಿ ನನ್ನಂಥ ರೋಗಿಗಳದೇ ಒಂದು ಗುಂಪಿತ್ತು. ಹೆಸರಿನ ಪಕ್ಕದಲ್ಲಿ 'ಕ್ಲೋಸ್ಡ್', ಅಂದರೆ ಹೊರಗಿನವರಿಗೆ ಮುಚ್ಚಿದ್ದು, ಎಂದು ಬರೆದಿತ್ತು. ನಂಬಿದೆ. ಅಮ್ಮನಿಗೂ ಹೇಳದಿದ್ದುದನ್ನು ಅಲ್ಲಿ ಬರೆದೆ: ಬಿದ್ದಾಗ ಬಟ್ಟೆ ಒದ್ದೆಯಾಗುವುದು, ಲೋಕಲ್ ಟ್ರೇನಿನಲ್ಲಿ ಬಾಗಿಲ ಹತ್ತಿರ ನಿಲ್ಲಲು ಹೆದರುವುದು. ಅಲ್ಲೇ ಹತ್ತಿರದ ಕಳವಾ ಎಂಬ ಊರಲ್ಲಿದ್ದ ಒಬ್ಬಾಕೆ, ಮೂಲತಃ ವಿಜಯಪುರದ ಕಡೆಯವಳು, ಮಾತ್ರೆಗಳನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟು ಗಂಡನಿಗೆ ತಿಳಿಯದಂತೆ ನುಂಗುತ್ತೇನೆ ಎಂದು ಬರೆದಿದ್ದಳು. ಅವಳೊಡನೆ ನನ್ನ ರೋಗದ ಬಗ್ಗೆ ಮೊದಲ ಸಲ ನಕ್ಕೆ.

ಆಫೀಸಿನಲ್ಲಿ ಪಕ್ಕದ ಮೇಜಿನವಳು ಡೊಂಬಿವಲಿಯಲ್ಲಿ ಹುಟ್ಟಿದ ಕನ್ನಡದ ಹುಡುಗಿ. ನಾನು ಕನ್ನಡದಲ್ಲಿ ಮಾತಾಡಿದರೆ ಅವಳು ಹಿಂದಿಯಲ್ಲಿ ಉತ್ತರಿಸುತ್ತಿದ್ದಳು. ಒಂದು ಬೆಳಿಗ್ಗೆ ತನ್ನ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಈ ಗುಂಪು ನಿಮಗೆ ಇಷ್ಟವಾಗಬಹುದು, ನಿಮ್ಮ ಗೆಳತಿಯೊಬ್ಬಳು ಇದರಲ್ಲಿದ್ದಾಳೆ ಎಂದು ಜಾಲತಾಣ ಅವಳಿಗೆ ಹೇಳಿತ್ತು. ಕೆಳಗೆ ರೋಗದ ಹೆಸರು, ಅದರ ಪಕ್ಕದಲ್ಲಿ ನಗುತ್ತಿರುವ ನನ್ನ ಫೋಟೋ. ಅವಳು ಹುಡುಕಿರಲೂ ಇಲ್ಲ; ಜಾಲತಾಣವೇ ತಾನಾಗಿ ತಂದು ಕೊಟ್ಟಿತ್ತು. ನಾವು ಬರೆದದ್ದಷ್ಟೇ ಮುಚ್ಚಿತ್ತು, ನಾವು ಯಾರೆಂಬುದು ಬಟಾಬಯಲಾಗಿತ್ತು.

"ತುಝೇ ಮಿರ್ಗೀ ಹೈ ಕ್ಯಾ?" ನಿನಗೆ ಮೂರ್ಛೆ ಬರುತ್ತಾ ಎಂದು, ದನಿ ತಗ್ಗಿಸದೆ ಕೇಳಿದಳು.

ಊಟದ ಹೊತ್ತಿಗೆ ಎಲ್ಲರಿಗೂ ತಿಳಿದಿತ್ತು. ನನ್ನ ಡಬ್ಬಿಗೆ ಯಾರೂ ಕೈ ಹಾಕಲಿಲ್ಲ. ಮರುದಿನ ನನ್ನ ಮೇಜಿನ ಮೇಲೆ ಬೀರುವಿನ ಕೀಲಿಗೊಂಚಲು ಇತ್ತು; ಬಿದ್ದವರ ಕೈಗೆ ಕಬ್ಬಿಣ ಕೊಟ್ಟರೆ ಮೂರ್ಛೆ ನಿಲ್ಲುತ್ತದಂತೆ. ತೆಗೆದು ವಾಪಸ್ ಇಟ್ಟರೆ ಮತ್ತೆ ಬರುತ್ತಿತ್ತು. ನಾನು ಆಕಳಿಸಿದರೂ ತಲೆಗಳು ಏಳುತ್ತಿದ್ದವು.

ನಿದ್ದೆಗೆಟ್ಟು ಕೊನೆಗೂ ಬಿದ್ದೆ. ಎಚ್ಚರವಾದಾಗ ಮೂಸಲೆಂದು ಮೂಗಿಗೆ ಹಿಡಿದ ಯಾರದೋ ಶೂ, ಅಂಗೈಯಲ್ಲಿ ಕೀಲಿಗೊಂಚಲು, ಮೇಲೆ ಸುತ್ತಲೂ ಮೊಬೈಲುಗಳು. ಚೂಡಿದಾರ ಒದ್ದೆಯಾಗಿತ್ತು. ಸಂಜೆ ಹಾಗೆ ಬಿದ್ದಿದ್ದ ನನ್ನ ಫೋಟೋ ಪಕ್ಕದ ಮೇಜಿನವಳ ಪುಟದಲ್ಲಿತ್ತು. ಈ ತಿಂಗಳ ಟಾರ್ಗೆಟ್ ಕೇಳಿಯೇ ಬಿದ್ದಳು ಎಂದು ಯಾರೋ ಕೆಳಗೆ ಬರೆದಿದ್ದರು. ಬಾಯಲ್ಲಿ ನೊರೆ ಇದ್ದರೂ ಜಾಲತಾಣ ನನ್ನ ಮುಖ ಗುರುತು ಹಿಡಿದು, ಇದು ನೀವೇನಾ, ಹೆಸರು ಸೇರಿಸೋಣವೇ ಎಂದು ನನ್ನನ್ನೇ ಕೇಳಿತು. ದೂರು ಕೊಟ್ಟೆ. ಪರಿಶೀಲಿಸಿದ್ದೇವೆ, ಈ ಚಿತ್ರ ನಮ್ಮ ನಿಯಮಗಳನ್ನು ಮೀರಿಲ್ಲ ಎಂದು ಉತ್ತರ ಬಂತು.

ಮ್ಯಾನೇಜರ್ ಬೆಂಗಳೂರಿನವರು. ಅತ್ತುಕೊಂಡು ಅವರ ಬಳಿ ಹೋದೆ.

"ತೆಗೀರಿ ಅಂತ ಅವಳಿಗೆ ಹೇಳ್ತೀನಿ, ಬಿಡಿ" ಎಂದರು. "ಆದ್ರೆ ಆ ಗುಂಪಿಗೆ ಸೇರಿದ್ದು ಯಾರಮ್ಮಾ? ನೀವೇ ಅಲ್ವಾ?"

ಆಮೇಲೆ, ಮನೆಯಲ್ಲಿ ಒಂದಷ್ಟು ದಿನ ರೆಸ್ಟ್ ತಗೊಳ್ಳಿ ಎಂದರು. ಕೊನೆಗೆ ರಾಜೀನಾಮೆಯನ್ನೂ ಅವರೇ ಟೈಪ್ ಮಾಡಿಸಿಕೊಟ್ಟರು. ಫೋಟೋ ಹಾಗೇ ಇತ್ತು.

ಗುಂಪಿನವರನ್ನು ಎಚ್ಚರಿಸಿದೆ. ಒಬ್ಬೊಬ್ಬರಾಗಿ ಹೊರಟರು. ವಿಜಯಪುರದ ಕಡೆಯವಳು ಕೊನೆಯದಾಗಿ ಬರೆದಳು: "ನನ್ನ ನಾದಿನಿಗೂ ತೋರಿಸೈತ್ರಿ ಅದು. ಮನಿಯವರಿಗೆ ಹೇಳ್ಯಾಳ. ಇನ್ನ ನಾ ಬರಂಗಿಲ್ರಿ ಅಕ್ಕಾ." ಅವಳ ನಂಬರ್ ನನ್ನ ಬಳಿ ಇರಲಿಲ್ಲ. ಏನಾದಳೋ ತಿಳಿಯದು.

ಖಾತೆ ಅಳಿಸಿದೆ. ಬಹಳ ದಿನಗಳ ನಂತರ ಠಾಣೆ ನಗರದ ಒಂದು ಆಫೀಸಿನಲ್ಲಿ ಸಂದರ್ಶನವಾಯಿತು. ಸಂದರ್ಶನ ಮಾಡುತ್ತಿದ್ದಾಕೆ ಕಂಪ್ಯೂಟರಿನಲ್ಲಿ ನನ್ನ ಹೆಸರು ಹುಡುಕಿ, ಸಿಗದೆ, ಅನುಮಾನದಿಂದ, ನೀವು ಎಲ್ಲೂ ಇಲ್ಲವಲ್ಲ, ಯಾಕೆ ಎಂದು ಕೇಳಿದಳು. ನನಗೆ ಅದೆಲ್ಲ ಹಿಡಿಸುವುದಿಲ್ಲ ಎಂದೆ. ಕೆಲಸ ಸಿಕ್ಕಿತು.

ಅಲ್ಲಿಯೂ ಒಮ್ಮೆ ಬಿದ್ದೆ. ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ, ಸಕ್ಕರೆ ಕಡಿಮೆಯಾಯಿತು ಎಂದು ಸುಳ್ಳು ಹೇಳಿದೆ. ಎಲ್ಲರೂ ನನ್ನನ್ನು ಸುತ್ತುವರಿದು, ಅಕ್ಕರೆಯಿಂದ ಗದರುತ್ತಾ ಗ್ಲೂಕೋಸ್ ಕಲಸಿ ಕೊಟ್ಟರು. ಲೋಟ ಖಾಲಿಯಾಗುವವರೆಗೂ ಕುಡಿದೆ.