ಗೋಣಿಚೀಲದ ಕೆಳಗಿನ ಹನ್ನೆರಡು ಡಬ್ಬಿಗಳು

ಮೇಲಿನ ಕೋಣೆಯಿಂದ ಹೊಗೆ ಬರುತ್ತಿದೆ ಎಂದು ಹೆಂಡತಿ ಕೂಗಿದಾಗ ನಾನು ಬರಿಗಾಲಲ್ಲೇ ಮೆಟ್ಟಿಲು ಹತ್ತಿದೆ. ಆ ಹುಡುಗ ಬಾಡಿಗೆಗೆ ಬಂದು ಎಂಟು ದಿನವಾಗಿತ್ತು. ಬಾಗಿಲು ತೆರೆದೇ ಇತ್ತು. ಅವನು ನೆಲದ ಮೇಲೆ ಕುಳಿತು, ಸಣ್ಣ ಸ್ಟೋವಿನ ಮೇಲೆ ಹಂಚು ಇಟ್ಟು, ಹಸಿರು ಬಣ್ಣದ ಎಂಥವೋ ಬೀಜ ಹುರಿಯುತ್ತಿದ್ದ.

"ಕಾಫಿ ಅಜ್ಜಾರ. ಕೂಡ್ರಿ" ಎಂದ. ಬಸ್ಸಿನಲ್ಲಿ, ಸಂತೆಯಲ್ಲಿ ಕಲಿತ ಕನ್ನಡ. ಎಲ್ಲ ಮಾತಿಗೂ ಒಂದು 'ರಿ' ಅಂಟಿಸುತ್ತಿದ್ದ.

ನಾವು ಚಹಾ ಕುಡಿಯುವ ಜನ. ಹಸಿರು ಕಾಫಿ ಬೀಜವನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅವನು ನೀರು ತರಲು ಎದ್ದಾಗ ನಾಲ್ಕು ಬೀಜ ಜೇಬಿಗೆ ಹಾಕಿಕೊಂಡೆ. ಮರುದಿನ ಗೋಳಗುಮ್ಮಟದ ಹತ್ತಿರ ಅಂಗಡಿ ಇಟ್ಟಿರುವ ನನ್ನ ಹಳೆಯ ಗೆಳೆಯನಿಗೆ ತೋರಿಸಿದೆ. ಅವನು ಒಂದನ್ನು ಕಡಿದು ನೋಡಿದ.

"ಕಾಫಿ ಬೀಜಲೇ ಇವು. ನೀ ಏನ್ ಗಾಂಜಾ ಅಂತ ತಿಳದಿದ್ದೇನು?"

ಅವನು ನಕ್ಕ. ನಾನು ನಗಲಿಲ್ಲ. ನನಗೆ ತೋರಿಸಲೆಂದೇ ಹುಡುಗ ಅವತ್ತು ಕಾಫಿ ಹುರಿದಿರಬೇಕು ಎಂದುಕೊಂಡು ಮನೆಗೆ ಬಂದೆ. ನನ್ನ ಅನುಮಾನ ಅಂಥದ್ದು. ಸುಳ್ಳೆಂದು ಸಾಬೀತಾದರೆ ಅದಕ್ಕೆ ಇನ್ನಷ್ಟು ಬಲ ಬರುತ್ತಿತ್ತು.

ಹುಡುಗ ಇಥಿಯೋಪಿಯಾದವನು. ವಿಜಯಪುರದ ಒಂದು ಕಾಲೇಜಿನಲ್ಲಿ ಎಂ.ಟೆಕ್ ಓದಲು ತನ್ನ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಬಂದಿದ್ದ. ಅಥಣಿ ರಸ್ತೆಯ ನಮ್ಮ ಮನೆಯ ಮೇಲಿನ ಕೋಣೆ ಖಾಲಿ ಇತ್ತು. ಹೊರದೇಶದವರನ್ನು ಇಟ್ಟುಕೊಂಡರೆ ಪೊಲೀಸರಿಗೆ ಒಂದು ಫಾರ್ಮು ತುಂಬಿ ಕೊಡಬೇಕು. ಕೊಡಲು ಹೋದಾಗ, "ಇವನ ಮ್ಯಾಲ ಕಣ್ಣಿಡಬೇಕೇನ್ರಿ?" ಎಂದು ನಾನೇ ಕೇಳಿದೆ. ಪೇದೆ ತಲೆ ಎತ್ತದೆ, "ಫಾರ್ಮ್ ತುಂಬ್ರಿ ಸಾಕು. ನೀವ್ ಪೊಲೀಸ್ ಆಗಬ್ಯಾಡ್ರಿ" ಎಂದ. ನಾನು ಆದೆ. ಅವನ ಕೋಣೆಯ ಕಸದ ಬುಟ್ಟಿಯಲ್ಲಿದ್ದ ಹಾಳೆಗಳನ್ನು ಬಿಡಿಸಿ ನೋಡುತ್ತಿದ್ದೆ. ಫೋನಿನಲ್ಲಿ ತನ್ನ ಭಾಷೆಯಲ್ಲಿ ಮಾತಾಡುವಾಗ ಮೆಟ್ಟಿಲಲ್ಲಿ ನಿಲ್ಲುತ್ತಿದ್ದೆ. ಒಂದಕ್ಷರ ತಿಳಿಯುತ್ತಿರಲಿಲ್ಲ, ಆದರೂ ನಿಲ್ಲುತ್ತಿದ್ದೆ. ಓಣಿಯಲ್ಲಿ ಯಾರಾದರೂ ಕೇಳಿದರೆ, "ಹುಡುಗ ಛಲೋನ ಕಾಣ್ತಾನ, ಆದರ..." ಎಂದು ಅರ್ಧಕ್ಕೆ ನಿಲ್ಲಿಸುತ್ತಿದ್ದೆ. ಆ ಅರ್ಧ ಮಾತನ್ನು ಓಣಿ ಪೂರ್ತಿ ಮಾಡಿಕೊಂಡಿತು. ಅವನು ಬಂದಾಗ ಕಟ್ಟೆಯ ಮೇಲಿನ ಮಾತು ನಿಲ್ಲತೊಡಗಿತು.

ನನ್ನ ಹೆಂಡತಿಗೆ ಮಾತ್ರ ಅವನು ಹಿಡಿಸಿದ್ದ. ತಮ್ಮ ಊರಿನಲ್ಲೂ ಜೋಳ ಬೆಳೆಯುತ್ತೇವೆ ಎಂದು ಹೇಳಿ, ಅವಳು ಕೊಟ್ಟ ರೊಟ್ಟಿ ಮುರಿದು ಬಾಯಿಗಿಡುತ್ತಿದ್ದ.

"ಏನ್ ಓದಾಕತ್ತೀಯೋ ತಮ್ಮಾ?" ಎಂದು ಒಂದು ದಿನ ಕೇಳಿದೆ. ನಾನು ಹತ್ತನೇ ಇಯತ್ತೆ ಪಾಸಾದವನು. ಅವನು ಲ್ಯಾಪ್‌ಟಾಪಿನಲ್ಲಿ ಒಂದು ಚಿತ್ರ ತೋರಿಸಿದ. ಒಂದು ಶೆಡ್ಡು, ಅದರ ತುಂಬ ಸಣ್ಣ ಸಣ್ಣ ಖಾನೆಗಳು, ಕೆಂಪು, ಹಳದಿ, ನೀಲಿ.

"ಗಾಳಿ ಲೆಕ್ಕರಿ. ಶೆಡ್ ಕತ್ತರಿಸೇನಿ, ಲಕ್ಷ ಖಾನೆ. ಒಂದೊಂದ ಖಾನೆ ಪಕ್ಕದ ಖಾನೆಗೆ ಹೇಳತೈತಿ, ನನ್ನ ಗಾಳಿ ಇಷ್ಟ, ನನ್ನ ಬಿಸಿ ಇಷ್ಟ. ಅದ ಮುಂದಿನದಕ್ಕ ಹೇಳತೈತಿ."

"ನಮ್ಮ ಓಣಿ ಇದ್ದಂಗ" ಎಂದಳು ಹೆಂಡತಿ.

ಹುಡುಗ ಜೋರಾಗಿ ನಕ್ಕ. "ಹೂಂರಿ ಆಯಿ! ಆದರ ಅಂಚಿನ ಖಾನೆ ಸುಳ್ಳ ಹೇಳಿದ್ರ ಎಲ್ಲಾ ಸುಳ್ಳ ಆಗತೈತಿ. ಅದಕ್ಕ ಖರೇ ಶೆಡ್ ಬೇಕು. ಅಳತಿ ಮಾಡಬೇಕು."

ಖರೇ ಶೆಡ್ಡು ನನ್ನದಿತ್ತು. ತಿಕೋಟಾ ದಾಟಿ ಹೊನವಾಡದ ಹತ್ತಿರ ನನ್ನ ದ್ರಾಕ್ಷಿ ತೋಟವಿದೆ, ನಾವು ಪಡ ಎನ್ನುತ್ತೇವೆ; ಪಕ್ಕದಲ್ಲೇ ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುವ ಶೆಡ್ಡು. ಹತ್ತು ಅಂತಸ್ತು ಜಾಳಿಗೆ ಕಟ್ಟಿ, ಅದರ ಮೇಲೆ ಗೊಂಚಲು ಹರವಿ, ಗಾಳಿಗೆ ಒಣಗಿಸುತ್ತೇವೆ. ನಡುವಿನ ಅಂತಸ್ತುಗಳು ಯಾವಾಗಲೂ ತಡ. ಅದೇಕೆ, ಶೆಡ್ಡಿನ ಸುತ್ತ ಕಟ್ಟಿದ ಪರದೆ ಎಲ್ಲಿ ಸರಿಸಿದರೆ ಎಲ್ಲವೂ ಒಂದೇ ಸಮ ಒಣಗುತ್ತವೆ ಎಂಬುದೇ ಅವನ ಲೆಕ್ಕ. ಬಬಲೇಶ್ವರದ ಒಬ್ಬ ಬೆಳೆಗಾರರು ಆಗಲೇ ಒಪ್ಪಿದ್ದರು. ಎರಡು ಶೆಡ್ಡು ಸಿಕ್ಕರೆ ಹೋಲಿಸಿ ನೋಡಬಹುದು ಎಂದ. ಹೆಂಡತಿಯ ಮುಂದೆ ಇಲ್ಲ ಎನ್ನಲಾಗಲಿಲ್ಲ.

ಬಬಲೇಶ್ವರ ಎಂಬ ಮಾತು ಮಾತ್ರ ನನ್ನ ಎದೆಯಲ್ಲಿ ಮುಳ್ಳಿನಂತೆ ನಿಂತಿತು.

ಅದಕ್ಕೆ ಕಾರಣ ಹೇಳಬೇಕು. ಗೊಂಚಲನ್ನು ಜಾಳಿಗೆಗೆ ಹಾಕುವ ಮೊದಲು ಒಂದು ಪುಡಿ ಮತ್ತು ಎಣ್ಣೆ ಕಲಸಿದ ನೀರಿನಲ್ಲಿ ಅದ್ದುತ್ತೇವೆ. ಸಿಪ್ಪೆ ಬೇಗ ಒಣಗಿ, ಮಣೂಕಕ್ಕೆ ಬಂಗಾರದ ಬಣ್ಣ ಬರುವುದು ಆ ನೀರಿನ ಹದದಿಂದ. ನಮ್ಮಲ್ಲಿ ಪ್ರತಿ ಬೆಳೆಗಾರನಿಗೂ ತನ್ನದೇ ಹದ, ತನ್ನದೇ ಗುಟ್ಟು. ಬೇರೆ ಪಡದವರು ಬಂದರೆಂದರೆ ಮೊದಲು ಕಲಸುವ ಪೀಪಾಯಿಯ ಮೇಲೆ ಗೋಣಿಚೀಲ ಬೀಳುತ್ತದೆ, ಆಮೇಲೆ 'ಬರ್ರಿ' ಎನ್ನುತ್ತೇವೆ. ಬೀಗರು ಬಂದರೂ ಇದೇ. ನನ್ನ ಮಣೂಕದ ಬಣ್ಣ ಸುತ್ತಲಿನವರಿಗಿಂತ ಒಂದು ಕೈ ಮೇಲೆಂಬ ಹೆಮ್ಮೆ ನನಗಿತ್ತು.

ಸುಗ್ಗಿ ಶುರುವಾದಾಗ ಹುಡುಗ ಹನ್ನೆರಡು ಸಣ್ಣ ಡಬ್ಬಿ ತಂದು ಅಂತಸ್ತು ಅಂತಸ್ತಿಗೆ ದಾರದಿಂದ ಕಟ್ಟಿದ. ಬಿಸಿ, ತೇವ ಎರಡನ್ನೂ ಅವು ತಾವಾಗಿಯೇ ಬರೆದಿಟ್ಟುಕೊಳ್ಳುತ್ತವೆ, ಪ್ರತಿ ರವಿವಾರ ಬಂದು ತಾನು ಆ ಅಂಕಿಗಳನ್ನು ತೆಗೆದುಕೊಳ್ಳುತ್ತೇನೆ ಎಂದ. ಪ್ರತಿ ಡಬ್ಬಿಯಲ್ಲಿ ಒಂದು ಕೆಂಪು ದೀಪ ಮಿಣುಕುತ್ತಿತ್ತು. ಅವುಗಳಲ್ಲೊಂದು ನೇರ ನನ್ನ ಪೀಪಾಯಿಯ ಮೇಲೆ ತೂಗುತ್ತಿತ್ತು.

ಕಣ್ಣು ಎಂದುಕೊಂಡೆ. ಅಥವಾ ಕಿವಿ. ಇವತ್ತು ನನ್ನ ಶೆಡ್ಡು, ನಾಳೆ ಬಬಲೇಶ್ವರ.

ಅವನ ಬಸ್ಸು ತಿರುಗಿದ ಕೂಡಲೇ ಹನ್ನೆರಡನ್ನೂ ಬಿಚ್ಚಿದೆ. ಸಲಿಕೆ, ಪೈಪು ಇಡುವ ಕೋಣೆಗೆ ಒಯ್ದು, ಒಂದೇ ಬುಟ್ಟಿಯಲ್ಲಿ ಹಾಕಿ, ಮೇಲೆ ಎರಡು ಗೋಣಿಚೀಲ ಮುಚ್ಚಿದೆ. ಮುಂದಿನ ರವಿವಾರ ಅವನ ಬಸ್ಸು ಬರುವ ಮೊದಲು, ಅವನು ಹಾಕಿದಂಥದ್ದೇ ಗಂಟು ಹಾಕಿ, ಇದ್ದಲ್ಲೇ ಕಟ್ಟಿದೆ. ಸುಗ್ಗಿ ಮುಗಿಯುವವರೆಗೆ ಹೀಗೇ ನಡೆಯಿತು. ಒಂದು ಸಲ ಬುಟ್ಟಿ ಹೊತ್ತು ಹೋಗುವಾಗ ಆಳಿನ ಹೆಣ್ಣುಮಕ್ಕಳ ಗುಂಪಿನ ಹಿರಿಯಳು ಎದುರಿಗೆ ಬಂದಳು. ಹದಿನೈದು ವರ್ಷದಿಂದ ನನ್ನ ಪಡಕ್ಕೆ ಬರುತ್ತಿದ್ದವಳು. ಬುಟ್ಟಿ ನೋಡಿದಳು, ನನ್ನನ್ನು ನೋಡಿದಳು, ತನ್ನ ಕೆಲಸಕ್ಕೆ ಹೋದಳು.

ಕೊನೆಯ ರವಿವಾರಗಳಲ್ಲಿ ಹುಡುಗನ ಮುಖ ಸಣ್ಣದಾಗಿತ್ತು.

"ಅಜ್ಜಾರ, ಹನ್ನೆರಡೂ ಡಬ್ಬಿ ಒಂದ ಮಾತ ಹೇಳ್ತಾವ್ರಿ. ಮ್ಯಾಲಿಂದು, ಕೆಳಗಿಂದು, ಎಲ್ಲಾ ಒಂದ. ಹೆಂಗ?"

ಅವನು ಡಬ್ಬಿಗಳನ್ನು ಅನುಮಾನಿಸಿದ. ಸೆಲ್ಲುಗಳನ್ನು ಅನುಮಾನಿಸಿ ಎಲ್ಲ ಬದಲಿಸಿದ. ತನ್ನ ಲೆಕ್ಕವನ್ನು ಅನುಮಾನಿಸಿ ಮೊದಲಿನಿಂದ ಮಾಡಿದ. ನನ್ನೊಬ್ಬನನ್ನು ಬಿಟ್ಟು ಎಲ್ಲವನ್ನೂ ಅನುಮಾನಿಸಿದ. ಆಮೇಲೆ ಒಮ್ಮೆ, ಹೆಣ್ಣುಮಕ್ಕಳು ಕೂತು ಮಣೂಕದ ಕಡ್ಡಿ ಆರಿಸುತ್ತಿದ್ದಾಗ ಮೆಲ್ಲಗೆ ಕೇಳಿದ: "ಯಾರರ ಮುಟ್ಟ್ಯಾರೇನ್ರಿ ಅಜ್ಜಾರ?"

"ಹೆಣ್ಣಾಳು ಇರತಾರಪಾ. ಕಸಾ ಹೊಡಿಯೂಮುಂದ ತಗದಿಟ್ಟಿರಬೇಕು" ಎಂದೆ. ಹಿರಿಯಳ ಕಡೆ ಕೈ ಮಾಡಿಯೇ ಹೇಳಿದೆ.

ಅವಳು ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ನಾವ್ಯಾಕ ಮುಟ್ಟೂಣ್ರಿ ಯಪ್ಪಾ? ನಮಗೇನ್ ಗುಟ್ಟೈತಿ ಮುಚ್ಚಿಡಾಕ?"

ಉಳಿದ ಹೆಂಗಸರು ಕಿಸಕ್ಕೆಂದರು. ಹುಡುಗ ಅವಳ ಕಡೆ ತಿರುಗಿ ಕೈಮುಗಿದ. "ಇಲ್ರಿ ಅಕ್ಕಾರ, ನೀವಲ್ಲ. ಡಬ್ಬಿ ಮ್ಯಾಲ ಗುಬ್ಬಿ ಕೂತ್ರೂ ನನಗ ಹೇಳ್ತೀರಿ." ಸಂಜೆ ಅವಳು ಪಗಾರ ತೆಗೆದುಕೊಂಡು ಹೋದವಳು ಮತ್ತೆ ನನ್ನ ಪಡಕ್ಕೆ ಬರಲಿಲ್ಲ. ಗುಂಪೂ ಅವಳ ಹಿಂದೆ ಹೋಯಿತು.

ಅದಾಗಿ ತಿಂಗಳೊಳಗೆ ಹುಡುಗ ಊಟ ಬಿಟ್ಟ. ಹೆಂಡತಿ ಕಾರಣ ತಿಳಿದುಕೊಂಡು ಬಂದಳು. ಬಬಲೇಶ್ವರದ ಅಳತೆ ಅವನ ಲೆಕ್ಕಕ್ಕೆ ಸರಿಯಾಗಿ ಕೂತಿತ್ತು. ಹೊನವಾಡದ್ದು ನೋಡಿ ಅವನ ಗುರುಗಳು, ಹನ್ನೆರಡು ಡಬ್ಬಿಯಲ್ಲಿ ಒಂದೇ ಅಂಕಿ ಬರಲು ಸಾಧ್ಯವಿಲ್ಲ, ನೀನು ಶೆಡ್ಡಿಗೆ ಹೋಗದೆ ಕೋಣೆಯಲ್ಲೇ ಕುಳಿತು ಬರೆದಿದ್ದೀಯ ಎಂದಿದ್ದರಂತೆ. ಅದು ಮೋಸವೆಂದು ತೀರ್ಮಾನವಾದರೆ ಪ್ರಬಂಧ ತಿರಸ್ಕಾರ. ವೀಸಾ ಮುಗಿಯಲು ಎರಡೇ ತಿಂಗಳಿತ್ತು. ಪದವಿ ಇಲ್ಲದೆ, ಕಳ್ಳನೆಂಬ ಹೆಸರು ಹೊತ್ತು ಊರಿಗೆ ಹೋಗಬೇಕಾಗುತ್ತಿತ್ತು.

ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಬಬಲೇಶ್ವರದ ಮಣೂಕ ಈ ವರ್ಷ ನನ್ನದರಂತೆಯೇ ಬಂದಿದೆ ಎಂದು ಯಾರೋ ಹೇಳಿದ್ದರು. ನನ್ನ ಅನುಮಾನಕ್ಕೆ ಸಾಕ್ಷಿ ಬೇಕಿತ್ತು. ಬಸ್ಸು ಹತ್ತಿ ಹೋದೆ.

ಆ ಬೆಳೆಗಾರರು ಐವತ್ತರ ಆಸುಪಾಸಿನ ಮುಸಲ್ಮಾನ ಸಾಹೇಬರು, ಮೂರು ತಲೆಮಾರಿನಿಂದ ಅಲ್ಲೇ ಒಕ್ಕಲುತನ. ನಾನು ಶೆಡ್ಡಿನ ಬಾಗಿಲಿಗೆ ಬರುವಷ್ಟರಲ್ಲಿ ಅವರ ಪೀಪಾಯಿಯ ಮೇಲೂ ಗೋಣಿಚೀಲ ಬಿತ್ತು. ಸುಗ್ಗಿ ಮುಗಿದು ಪೀಪಾಯಿ ಖಾಲಿಯಾಗಿದ್ದರೂ ಬಿತ್ತು.

"ಬರ್ರಿ ಕಾಕಾ. ಆ ಹುಡುಗನ ಮನಿ ಮಾಲಕರು ನೀವ ಅಲ್ಲೇನ್ರಿ? ಏನ್ ಹುಡುಗರಿ ಅಂವಾ! ನಿಮ್ಮ ಹದಾ ಏನಂತ ನಾನ ಎರಡ ಸಲ ಕೇಳೇನಿ, ಸುಳ್ಳ ಯಾಕ ಹೇಳ್ಲಿ. ಒಂದ ಡಬ್ಬಿ ಮಣೂಕನೂ ಕೊಟ್ಟೆ. 'ಅಜ್ಜಾರನ್ನ ಕೇಳ್ರಿ, ನನ್ನ ಕೆಲಸ ಗಾಳಿ ಅಷ್ಟ' ಅಂದ. ಮಣೂಕ ವಾಪಸ್ ಇಟ್ಟು ಹ್ವಾದ."

ಆಮೇಲೆ ಅವರಿಗೇ ಏನನಿಸಿತೋ, ಗೋಣಿಚೀಲ ಎತ್ತಿದರು. ಪೀಪಾಯಿಯ ಪಕ್ಕದಲ್ಲಿ ಎಣ್ಣೆಯ ಡಬ್ಬ, ಪುಡಿಯ ಚೀಲ. ನಾನು ಕೊಳ್ಳುವ ತಿಕೋಟಾದ ಅದೇ ಅಂಗಡಿಯ ಚೀಟಿ, ಅದೇ ಡಬ್ಬ, ಮೇಲೆ ಅಂಗಡಿಯವನು ಪೆನ್ನಿನಿಂದ ಬರೆದುಕೊಟ್ಟ ಅದೇ ಅಳತೆ. ನನಗೂ ಅವನೇ ಬರೆದುಕೊಟ್ಟಿದ್ದು. 'ನಿಮಗಷ್ಟ ಹೇಳೇನಿ, ಯಾರಿಗೂ ಹೇಳಬ್ಯಾಡ್ರಿ' ಎಂದಿದ್ದ.

"ನಿಮಗೂ ಹಂಗ ಅಂದಿದ್ನೇನ್ರಿ?" ಎಂದೆ.

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಮುಂದಿನ ಬಸ್ಸು ಹಿಡಿದೆ.

ಮನೆ ಮುಟ್ಟಿದಾಗ ಮಧ್ಯಾಹ್ನ. ಹುಡುಗ ಬೀಜ ಹುರಿಯುತ್ತಿದ್ದ. ನಿಂತುಕೊಂಡೇ ಹೇಳಿದೆ.

"ತಮ್ಮಾ, ಡಬ್ಬಿ ನಾ ತಗದಿಟ್ಟಿದ್ದೆ."

ಅವನು ಕೈಯಾಡಿಸುವುದನ್ನು ನಿಲ್ಲಿಸಿದ. "ಎಲ್ಲಿರಿ?"

"ಸಲಿಕಿ ಇಡೂ ಖೋಲ್ಯಾಗ."

"ಹನ್ನೆರಡೂ? ಒಂದ ಕಡೆ?"

"ಒಂದ ಬುಟ್ಟ್ಯಾಗ. ಮ್ಯಾಲ ಎರಡ ಗೋಣಿಚೀಲ."

ಎರಡೂ ಕೈ ತಲೆಯ ಮೇಲಿಟ್ಟುಕೊಂಡ. "ಹಂಗಾರ ನನ್ನ ಲೆಕ್ಕ ಖರೇ ಐತಿ" ಎಂದ. "ಖರೇ ಐತಿ ಅಜ್ಜಾರ!" ಒಂದು ಕ್ಷಣ ಅವನ ಮುಖದಲ್ಲಿ ಬರೀ ಸಂತೋಷವಿತ್ತು. ಆಮೇಲೆ ಕಿಟಕಿಯ ಕಡೆ ನೋಡಿದ. "ಹಣ್ಣ ಮುಗದಾವ" ಎಂದ. ಮತ್ತೆ ಅಳೆಯಲು ಮುಂದಿನ ಸುಗ್ಗಿಯೇ ಬರಬೇಕು. ಅಷ್ಟರಲ್ಲಿ ಅವನು ಇಲ್ಲಿರುವುದಿಲ್ಲ. ಹಂಚಿನಲ್ಲಿ ಬೀಜ ಸೀದು ಕಪ್ಪಾದವು.

ಯಾಕೆ ಮಾಡಿದಿರಿ ಎಂದು ಅವನು ಕೇಳಲಿಲ್ಲ. ಪುಸ್ತಕ ತೆಗೆದು, ಯಾವ ದಿನ, ಎಷ್ಟು ಗಂಟೆಗೆ ತೆಗೆದೆ, ಯಾವಾಗ ಕಟ್ಟಿದೆ ಎಂದಷ್ಟೇ ಕೇಳಿ ಬರೆದುಕೊಂಡ. ನೆನಪಿದ್ದಷ್ಟು ಹೇಳಿದೆ.

ಮರುದಿನ ಅವನ ಜೊತೆ ಕಾಲೇಜಿಗೆ ಹೋದೆ. ಗುರುಗಳ ಮುಂದೆ ನನ್ನ ಕೈಯಿಂದಲೇ ಒಂದು ಹಾಳೆ ಬರೆದು ಸಹಿ ಮಾಡಿದೆ. ಡಬ್ಬಿಗಳನ್ನು ನಾನೇ ಕೋಣೆಯಲ್ಲಿಟ್ಟಿದ್ದೆ, ಹುಡುಗನ ತಪ್ಪೇನೂ ಇಲ್ಲ, ಕೆಲಸದ ಮಹತ್ವ ತಿಳಿಯದೆ ಹೀಗಾಯಿತು. ಗುರುಗಳು ಓದಿ, "ಯಾಕ್ರಿ ಯಜಮಾನ್ರ, ಯಾಕ ತಗದಿಟ್ರಿ?" ಎಂದರು.

"ದಡ್ಡರು ನಾವು. ತಿಳೀಲಿಲ್ರಿ" ಎಂದೆ.

ಹುಡುಗ ನನ್ನ ಮುಖ ನೋಡಿದ. ಅವನಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಆದರೆ ಆ ಮಾತು ಅರ್ಥವಾಗಿತ್ತು. ನನ್ನ ಸುಳ್ಳು ಅವನಿಗೆ ಗೊತ್ತಾಯಿತು, ಗೊತ್ತಾದದ್ದು ನನಗೂ ಗೊತ್ತಾಯಿತು.

ಮೋಸದ ಮಾತು ಅಳಿಯಿತು. ಬಬಲೇಶ್ವರದ ಒಂದೇ ಶೆಡ್ಡಿನ ಮೇಲೆ ಪ್ರಬಂಧ ಬರೆಯಲು ಬಿಟ್ಟರು. ಎರಡು ಶೆಡ್ಡುಗಳ ಹೋಲಿಕೆ, ಅದರ ಮೇಲೆ ಅವನು ಕಟ್ಟಿಕೊಂಡಿದ್ದ ಮುಂದಿನ ಓದಿನ ಆಸೆ ಎರಡೂ ಹೋದವು. ಪದವಿ ಬಂತು. ವೀಸಾ ಮುಗಿಯಲು ನಾಲ್ಕು ದಿನವಿರುವಾಗ ಹೊರಟ. ಹೋಗುವ ಮುಂಚೆ ಪ್ರಬಂಧ ತೆರೆದು ಒಂದು ಸಾಲು ತೋರಿಸಿದ. ಎರಡನೇ ಜಾಗದಲ್ಲಿ ಡಬ್ಬಿಗಳ ಸ್ಥಳ ಬದಲಾಗಿದ್ದರಿಂದ ಆ ಅಳತೆ ಕೈಬಿಡಲಾಗಿದೆ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

"ಯಾರ ತಗದ್ರು ಅಂತ ಇಲ್ಲಲ್ಲೋ?"

"ಬ್ಯಾಡ್ರಿ ಅಜ್ಜಾರ."

ಅವನು ಬಿಟ್ಟದ್ದನ್ನು ನಾನು ಇಲ್ಲಿ ತುಂಬುತ್ತಿದ್ದೇನೆ. ತಿಳಿಯದೆ ಮಾಡಿದ್ದಲ್ಲ. ತಿಳಿದೇ, ಅವನು ಕಳ್ಳನೆಂದು ನಂಬಿ, ಗಂಟು ಕೂಡ ಅವನದೇ ಥರ ಕಟ್ಟಿ ಮಾಡಿದ್ದು. ಹೆಸರು ಇಲ್ಲಿಯೂ ಇಲ್ಲ, ಆದರೆ ಹೊನವಾಡದವರು ಓದಿದರೆ ಯಾರೆಂದು ತಿಳಿದೀತು. ತಿಳಿಯಲಿ.

ಈ ಸಲ ಸುಗ್ಗಿಗೆ ಮೊದಲು ಆ ಹಿರಿಯಳ ಮನೆಗೆ ಹೋದೆ. ಅವಳು ಅಂಗಳದಲ್ಲಿ ಆಡಿಗೆ ಸೊಪ್ಪು ಹಾಕುತ್ತಿದ್ದಳು. ಅವಳ ಸೊಸೆ, ಪಕ್ಕದ ಮನೆಯ ಇಬ್ಬರು ಹೆಂಗಸರು ಕೂತಿದ್ದರು. ಅವರ ಮುಂದೆಯೇ ಹೇಳಿದೆ.

"ಅವತ್ತ ಡಬ್ಬಿ ತಗದಾಂವ ನಾನು. ನಿನ್ನ ಮ್ಯಾಲ ಹಾಕಿದೆ. ತಪ್ಪಾತು ಯವ್ವಾ."

"ತಗದದ್ದ ನಾ ನೋಡೇನಲ್ರಿ ಯಪ್ಪಾ. ಅದನ್ಯಾಕ ಹೇಳ್ತೀರಿ" ಎಂದಳು. ಸೊಪ್ಪಿನ ಕಡೆಯೇ ನೋಡುತ್ತಿದ್ದಳು. "ಆ ಪರದೇಶಿ ಹುಡುಗ ಪಾಸ್ ಆದ್ನೋ ಇಲ್ಲೋ, ಅದ ಹೇಳ್ರಿ ಮದ್ಲ."

"ಆದ."

"ಆತ ಹಂಗಾರ."

ಪಡಕ್ಕೆ ಬರುತ್ತೇನೆ ಎಂದು ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ. ಈ ವರ್ಷ ಬೇರೆ ಗುಂಪು ಬಂದಿದೆ. ಪೀಪಾಯಿಯ ಮೇಲೆ ಗೋಣಿಚೀಲ ಹಾಕುವುದನ್ನು ಬಿಟ್ಟಿದ್ದೇನೆ. ಬಂದವರು ಇಣುಕಿ ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ. ಖರೇ ಹದವನ್ನು ಇವನು ಬೇರೆಲ್ಲೋ ಬಚ್ಚಿಟ್ಟಿದ್ದಾನೆ ಎಂದು ಅವರಿಗೆ ಅನುಮಾನ.