ಮೇಜು ಮೀರಿದ ಗ್ರಾಫು

ವಸ್ತುವನ್ನು ಕಂಡ ಮೇಲೆಯೇ ಅದರ ಅಳತೆಯನ್ನು ಆರಿಸಬೇಕೆಂಬ ವಿವೇಕವನ್ನು ಕರುಣಿಸಿದ ಪರಶಿವನಿಗೂ, ಅದನ್ನು ಬೆತ್ತದ ನೆರವಿಲ್ಲದೆ ಕಲಿಸಿದ ನನ್ನ ಗುರುಗಳಿಗೂ ನಾನು ಋಣಿ. ಆ ವಿವೇಕ ಈಗ ಎಷ್ಟು ದುರ್ಲಭವಾಗಿದೆ ಎಂಬುದನ್ನು ಗುಬ್ಬಿಯ ಒಂದು ಪ್ರೌಢಶಾಲೆಯಲ್ಲಿ ಕಣ್ಣಾರೆ ಕಂಡೆ.

ತುಮಕೂರಿನಲ್ಲಿ ಗಣಿತ ಬೋಧಿಸಿ ನಿವೃತ್ತನಾದ ನನ್ನನ್ನು ಅಲ್ಲಿನ ಮುಖ್ಯೋಪಾಧ್ಯಾಯಿನಿ ಒಂದು ತಕರಾರು ತೀರಿಸಲು ಕರೆಸಿದ್ದರು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಎರಡು ಸಮೀಕರಣಗಳ ಗ್ರಾಫು ಕೇಳಿದ್ದರು: ಸಂಖ್ಯೆಗಳ ಮೊತ್ತ ಅರವತ್ತು, ವ್ಯತ್ಯಾಸ ಇಪ್ಪತ್ತು. ಹತ್ತಿರದ ಕಡಬ ಗ್ರಾಮದಿಂದ ಬರುವ ಹುಡುಗಿಯೊಬ್ಬಳು ಎರಡೂ ಅಕ್ಷಗಳಿಗೆ ಒಂದು ಸೆಂಟಿಮೀಟರಿಗೆ ಐದು ಮಾನವೆಂದು ಬರೆದು, ರೇಖೆಗಳೆರಡನ್ನೂ ಒಂದೇ ಹಾಳೆಯಲ್ಲಿ ಅಚ್ಚುಕಟ್ಟಾಗಿ ಕೂಡಿಸಿದ್ದಳು. ಅಲ್ಲಿನ ಗಣಿತದ ಮೇಷ್ಟರು ನಾಲ್ಕು ಅಂಕಕ್ಕೆ ಸೊನ್ನೆ ಕೊಟ್ಟಿದ್ದರು. ಆ ಅಂಕಗಳಿಲ್ಲದೆ ಅವಳು ಫೇಲು. ಫೇಲಾದವರಿಗೆ ಸಂಜೆ ತರಗತಿ. ಅದು ಮುಗಿಯುವಷ್ಟರಲ್ಲಿ ಊರಿನ ಬಸ್ಸು ಹೋಗಿರುತ್ತದೆ. “ಹಂಗಾದ್ರೆ ಸ್ಕೂಲೇ ಬ್ಯಾಡ ಬುಡು” ಎಂದು ಮನೆಯಲ್ಲಿ ಹೇಳಿಬಿಟ್ಟಿದ್ದರಂತೆ.

“ಕೀ ಆನ್ಸರಲ್ಲಿ ಒಂದಕ್ಕೆ ಒಂದು ಅಂತ ಇದೆ ಸಾರ್. ಇವ್ಳು ಐದು ಅಂತ ಹಾಕವ್ಳೆ,” ಎಂದರು ಮೇಷ್ಟರು.

ಮೊತ್ತ ಆರು ಇದ್ದ ಯಾವುದೋ ಹಳೆಯ ಪ್ರಶ್ನೆಯಿಂದ ಆ ಸಾಲನ್ನು, ಮೂಲದಲ್ಲಿ ಸತ್ತು ಅಂಟಿದ್ದ ನೊಣದ ಜಾಗದಲ್ಲಿ ನೊಣವನ್ನೇ ಇಟ್ಟಂತೆ, ಯಾರೋ ನಕಲಿಳಿಸಿದ್ದರು. ಇವರು ಅದನ್ನು ವೇದವಾಕ್ಯವೆಂದು ತಲೆಯ ಮೇಲೆ ಹೊತ್ತಿದ್ದರು.

“ಸರಿ, ಒಂದಕ್ಕೆ ಒಂದರಂತೆ ನೀವೇ ಬರೆದು ತೋರಿಸಿ,” ಎಂದೆ.

ಮಹಾಶಯರು ಹಿಂಜರಿಯಲಿಲ್ಲ. ಇಪ್ಪತ್ತು ದಾಟುವ ಮೊದಲೇ ಹಾಳೆ ಮುಗಿಯಿತು. ಗೋಂದು ತರಿಸಿ ಇನ್ನೊಂದು ಅಂಟಿಸಿದರು. ಪಕ್ಕಕ್ಕೆ ಮತ್ತೊಂದು, ಮೇಲಕ್ಕೂ ಒಂದು. ಬುದ್ಧಿ ಕುಗ್ಗಿದಷ್ಟೂ ಕಾಗದ ಹಿಗ್ಗಿ, ಗ್ರಾಫು ಮೇಜಿನ ಅಂಚಿನಿಂದ ಜೋತುಬಿತ್ತು.

“ಸಾರ್, ಪರೀಕ್ಷೇಲಿ ಒಂದೇ ಹಾಳೆ ಕೊಡೋದು,” ಎಂದಳು ಪಕ್ಕದಲ್ಲೇ ನಿಂತಿದ್ದ ಹುಡುಗಿ ಮೆಲ್ಲಗೆ.

“ಸುಮ್ನಿರಮ್ಮ, ನಿಂಗೇನ್ ಗೊತ್ತು? ಈ ಕಡೆ ಹಿಡ್ಕೋ!”

ಪಾಪ, ಹಿಡಿದಳು. ಮುಖ್ಯೋಪಾಧ್ಯಾಯಿನಿಗೆ ನಗು ತಡೆಯಲಾಗಲಿಲ್ಲ. “ಮೇಷ್ಟ್ರೇ, ಇದನ್ನ ಪರೀಕ್ಷಾ ಬೋರ್ಡಿಗೆ ಮಡಚಿ ಕಳಿಸೋದೋ, ಚಾಪೆ ಥರ ಸುತ್ತಿ ಕಳಿಸೋದೋ?”

ಇಷ್ಟೆಲ್ಲ ಸಾಹಸದ ಬಳಿಕವೂ ರೇಖೆಗಳು ಕೂಡಿದ್ದು ಹುಡುಗಿ ಗುರುತಿಸಿದ್ದ ಬಿಂದುವಿನಲ್ಲೇ: ನಲವತ್ತು, ಇಪ್ಪತ್ತು. ಮೇಷ್ಟರು ಮುಖ ಗಂಟಿಕ್ಕಿಕೊಂಡು ಮೂರು ಅಂಕ ಬರೆದರು. ಒಂದನ್ನು ‘ಪದ್ಧತಿ ತಪ್ಪಿದ್ದಕ್ಕೆ’ ಕಳೆದರು. ಅಜ್ಞಾನಕ್ಕೂ ಅದರ ಪಾಲು ಸಲ್ಲಬೇಕಲ್ಲ! ಆ ಮೂರರಿಂದಲೇ ಹುಡುಗಿ ಪಾಸಾಗಿ ಬಸ್ಸಿಗೆ ಓಡಿದಳು.

ಆ ಮಗುವಿಗೆ ವಿದ್ಯೆ ಒಲಿಯಲಿ. ಮುಖ್ಯೋಪಾಧ್ಯಾಯಿನಿಗೆ ಆಯುರಾರೋಗ್ಯವಿರಲಿ. ಶಿವನು ಅರ್ಹತೆಯನ್ನು ನೋಡಿ ಕರುಣಿಸುವವನಲ್ಲ. ಆದ್ದರಿಂದ ಆ ಮೇಷ್ಟರಿಗೂ ಒಳಿತಾಗಲಿ.